ಮುಪ್ಪಿನ ಹಸಿವು

ನಮ್ಮ ಅಜ್ಜಿ ಒಂದು ಕಾಲಕ್ಕೆ ಎರಡು ಮುದ್ದೆ ಉಂಡು ಕಳೆ ಕೀಳಲು ಹೋಗುತ್ತಿದ್ದವರು. ಈಗ ಅರ್ಧ ಮುದ್ದೆಗೇ ‘ಸಾಕು’ ಎಂದು ಗಂಗಳ ಸರಿಸುತ್ತಾರೆ. ಸೊಸೆಯ ಮೇಲಿನ ಮುನಿಸೆಂದು ನೆರೆಹೊರೆಯವರು ಆಡಿಕೊಂಡರು. ಅಮ್ಮ ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಶರೀರಶಾಸ್ತ್ರದ ಪುಸ್ತಕ ತೆರೆದದ್ದು ಈ ಕಾರಣದಿಂದ.

ಹಸಿವೆಂಬುದು ಕೇವಲ ಬರಿಹೊಟ್ಟೆಯ ಸಂಕಟವಲ್ಲ. ಜಠರದ ಮೇಲ್ಭಾಗದ ಒಳಪದರದಲ್ಲಿರುವ ಕೆಲವು ಜೀವಕೋಶಗಳು ಘ್ರೆಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವ ಮೊದಲಾದವರು ಇದನ್ನು ಇಲಿಯ ಜಠರದಲ್ಲಿ ಕಂಡುಹಿಡಿದರು. 28 ಅಮೈನೊ ಆಮ್ಲಗಳ ಪುಟ್ಟ ಸರಪಳಿಯಿದು. ಊಟಕ್ಕೆ ಮುನ್ನ ರಕ್ತದಲ್ಲಿ ಏರಿ, ಮಿದುಳಿಗೆ ‘ಉಣ್ಣು’ ಎಂಬ ಓಲೆ ಮುಟ್ಟಿಸುತ್ತದೆ. ಉಂಡ ಮೇಲೆ ಇಳಿಯುತ್ತದೆ. ಆದರೆ ಸರಪಳಿಯ ಮೂರನೆಯ ಕೊಂಡಿಗೆ ಕೊಬ್ಬಿನಾಮ್ಲದ ತುಣುಕೊಂದು ಮೊಹರಿನಂತೆ ಅಂಟಿದ್ದರೆ ಮಾತ್ರ ಈ ಓಲೆ ಸಲ್ಲುತ್ತದೆ.

ಮುಪ್ಪಿನಲ್ಲಿ ಈ ಮೊಹರು ಬಿದ್ದ ಘ್ರೆಲಿನ್ ತಗ್ಗಿರುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಎಲ್ಲ ಪರೀಕ್ಷೆಗಳೂ ಒಂದೇ ಮಾತು ಹೇಳುವುದಿಲ್ಲವೆಂಬುದೂ ನಿಜ. ಕರುಳಿನಿಂದ ಹೊರಟು ‘ಸಾಕು’ ಎನ್ನುವ ಕೊಲಿಸಿಸ್ಟೊಕೈನಿನ್ (ನಾಲಗೆ ತಿರುಗದ ಹೆಸರು!) ವೃದ್ಧರಲ್ಲಿ ಹೆಚ್ಚು. ಜಠರವೂ ಮೊದಲಿನಂತೆ ಹಿಗ್ಗದು, ಬೇಗ ಬರಿದಾಗದು. ಮೂಗು ನಾಲಗೆಗಳೂ ಮಂದವಾಗಿರುತ್ತವೆ. ಹೀಗಿರಲು ಅರ್ಧ ಮುದ್ದೆಗೇ ಹೊಟ್ಟೆ ತುಂಬಿದಂತಾಗುವುದು ಸಹಜವೇ. ಮೈ ಇಳಿಯತೊಡಗಿದರೆ ಮಾತ್ರ ವೈದ್ಯರಿಗೆ ತೋರಿಸತಕ್ಕದ್ದು.

ಇದನ್ನೆಲ್ಲ ಮನೆಯಲ್ಲಿ ನಮ್ಮ ಮಾತಿನಲ್ಲೇ ತಿಳಿಸಿದೆ. ಅಮ್ಮ ಈಗ ಅಜ್ಜಿಗೆ ಸ್ವಲ್ಪಸ್ವಲ್ಪವಾಗಿ ನಾಲ್ಕು ಹೊತ್ತು ಬಡಿಸುತ್ತಾರೆ. ಅಜ್ಜಿ ಮಾತ್ರ, ‘ಹೊಟ್ಟೇಲಿ ಓಲೆಯಂತೆ! ಇದಾ ನಿಮ್ಮ ಕಾಲೇಜಲ್ಲಿ ಕಲ್ಸೋದು?’ ಎಂದು ನಗುತ್ತಾರೆ.