ಸಣ್ಣ ಕಚೇರಿಯ ಸುರಕ್ಷತೆ: ಮಾಲೀಕರು ಗಮನಿಸಬೇಕಾದ ಅಂಶಗಳು

ಕೈಗಾರಿಕಾ ಸುರಕ್ಷತೆ ಎಂದೊಡನೆ ಉದ್ಯಮಿಗಳ ಕಣ್ಣ ಮುಂದೆ ಬರುವುದು ಲೇತ್, ಪವರ್ ಪ್ರೆಸ್ ಹಾಗೂ ಬಾಯ್ಲರ್‌ಗಳು. ಯಂತ್ರದ ಬೆಲ್ಟಿಗೆ ಕವಚ ಹಾಕಿಸುವ, ಕೆಲಸಗಾರರಿಗೆ ಕೈಗವಸು ಕೊಡಿಸುವ ಮಾಲೀಕರು ಸಹ ಅದೇ ಆವರಣದ ಮೂಲೆಯಲ್ಲಿರುವ ಕಚೇರಿಯತ್ತ ಗಮನ ಹರಿಸುವುದು ಅಪರೂಪ. ಮೇಜು, ಕುರ್ಚಿ, ಕಂಪ್ಯೂಟರ್ ಇರುವಲ್ಲಿ ಅಪಾಯವೇನಿದ್ದೀತು ಎಂಬ ಭಾವನೆಯೇ ಇದಕ್ಕೆ ಕಾರಣ. 2020ರ ಲಾಕ್‌ಡೌನ್ ನಂತರ ಅನೇಕ ಸಣ್ಣ ಸಂಸ್ಥೆಗಳ ಲೆಕ್ಕಪತ್ರ, ವಿನ್ಯಾಸ ಮತ್ತು ಮಾರಾಟ ವಿಭಾಗದ ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ, ಮಾಲೀಕರ ಕಣ್ಣಿಗೆ ಬೀಳದ ಕಾರ್ಯಸ್ಥಳಗಳೂ ಸೇರಿಕೊಂಡಿವೆ.

ಕಚೇರಿ ಕಟ್ಟಡವೂ ಪ್ರಾಣ ತೆಗೆಯಬಲ್ಲದು ಎಂಬುದಕ್ಕೆ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ದುರಂತವೇ ಸಾಕ್ಷಿ. 2010ರ ಫೆಬ್ರವರಿ 23ರಂದು ಅಲ್ಲಿ ಕಾಣಿಸಿಕೊಂಡ ಬೆಂಕಿಗೆ ಸಂಬಂಧಿಸಿದಂತೆ ಒಂಬತ್ತು ಮಂದಿ ಅಸುನೀಗಿದರು. ಅಲ್ಲಿ ರಾಸಾಯನಿಕ ಗೋದಾಮಾಗಲಿ, ಕುಲುಮೆಯಾಗಲಿ ಇರಲಿಲ್ಲ. ಜ್ವಾಲೆಗಿಂತ ಹೆಚ್ಚಾಗಿ ಹೊಗೆಯೇ ಕಟ್ಟಡವನ್ನು ಆವರಿಸಿತು. ಪಾರಾಗಲು ಕಿಟಕಿಯ ಗಾಜು ಒಡೆದು ಹಾರಿದವರಲ್ಲಿಯೂ ಕೆಲವರು ಪ್ರಾಣ ಕಳೆದುಕೊಂಡರು. ಹೊರಹೋಗುವ ದಾರಿ ಎಲ್ಲಿದೆ, ಅದು ತೆರೆದಿದೆಯೇ ಎಂಬುದು ಎಂಟು ಜನರ ಕಚೇರಿಗೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020 ಎಂಬ ಕೇಂದ್ರ ಕಾಯ್ದೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 1948ರ ಕಾರ್ಖಾನೆಗಳ ಕಾಯ್ದೆಯೂ ಸೇರಿದಂತೆ 13 ಕಾಯ್ದೆಗಳ ಸ್ಥಾನದಲ್ಲಿ ಬಂದಿರುವ ಈ ಸಂಹಿತೆಯು ಸಾಮಾನ್ಯವಾಗಿ 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಉದ್ದಿಮೆ, ವ್ಯಾಪಾರ, ವ್ಯವಹಾರಗಳೆಲ್ಲವೂ ಇದರ ವ್ಯಾಪ್ತಿಗೆ ಬರುವುದರಿಂದ ಇದು ಕೇವಲ ಕಾರ್ಖಾನೆಗಳ ಕಾನೂನಲ್ಲ. ಗಾಯ ಅಥವಾ ವೃತ್ತಿಜನ್ಯ ರೋಗಕ್ಕೆ ಎಡೆಮಾಡುವ ಅಪಾಯಗಳಿಂದ ಕಾರ್ಯಸ್ಥಳವನ್ನು ಮುಕ್ತವಾಗಿಡುವುದು, ನೇಮಕಾತಿ ಪತ್ರ ನೀಡುವುದು, ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕರ ಕರ್ತವ್ಯವಾಗಿದೆ. ಅಪಘಾತದಿಂದ ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವರು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ, ಅಧಿಕಾರಿಗಳಿಗೆ ಸೂಚನೆ ಸಲ್ಲಿಸಬೇಕು.

ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳ ಮಾಲೀಕರು ತಮಗೆ ಯಾವ ಹೊಣೆಯೂ ಇಲ್ಲವೆಂದು ಭಾವಿಸುವುದು ಸರಿಯಲ್ಲ. ನೌಕರರ ರಾಜ್ಯ ವಿಮೆಯ ಅಂದರೆ ಇ.ಎಸ್.ಐ.ನ ರಕ್ಷಣೆ ಇಲ್ಲದೆಡೆ, ಕೆಲಸದ ನಿಮಿತ್ತ ಉಂಟಾದ ಗಾಯಕ್ಕೆ ಪರಿಹಾರ ಕೊಡುವ ಭಾರ ನೇರವಾಗಿ ಮಾಲೀಕರ ಮೇಲೆಯೇ ಬೀಳಬಹುದು. ಒಂದೇ ಒಂದು ಗಂಭೀರ ಅಪಘಾತವು ಸಣ್ಣ ಸಂಸ್ಥೆಯ ಹಲವು ವರ್ಷಗಳ ಲಾಭವನ್ನು ನುಂಗಿಹಾಕಬಲ್ಲದು. ಇ.ಎಸ್.ಐ.ನಲ್ಲಿ ಮಾಲೀಕರ ವಂತಿಗೆಯನ್ನು 2019ರ ಜುಲೈನಲ್ಲಿ ವೇತನದ ಶೇ. 3.25ಕ್ಕೂ, ನೌಕರರದ್ದನ್ನು ಶೇ. 0.75ಕ್ಕೂ ಇಳಿಸಲಾಯಿತು. ಮಾಲೀಕರು ಮತ್ತು ಬಹುಪಾಲು ನೌಕರರು ಒಪ್ಪಿದಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯೂ ಸ್ವಇಚ್ಛೆಯಿಂದ ಸೇರಲು ಸಾಮಾಜಿಕ ಭದ್ರತಾ ಸಂಹಿತೆ, 2020 ಅವಕಾಶ ಕಲ್ಪಿಸಿದೆ.

ವಿದ್ಯುತ್ ಮತ್ತು ಬೆಂಕಿ

ಸಣ್ಣ ಕಚೇರಿಯಲ್ಲಿ ಬೆಂಕಿಗೆ ಬಹುತೇಕ ಕಾರಣವಾಗಬಲ್ಲದ್ದು ವಿದ್ಯುತ್ ವ್ಯವಸ್ಥೆ. ಎರಡು ಕಂಪ್ಯೂಟರ್‌ಗಳಿಗೆಂದು ಹಾಕಿಸಿದ ವೈರಿಂಗ್‌ಗೆ ಕಾಲಕ್ರಮದಲ್ಲಿ ಪ್ರಿಂಟರ್, ಎ.ಸಿ., ಕಾಫಿ ಕೆಟಲ್ ಎಲ್ಲವೂ ಸೇರಿಕೊಳ್ಳುತ್ತವೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಮತ್ತೊಂದನ್ನು ಸಿಕ್ಕಿಸುವ ರೂಢಿಯೂ ಉಂಟು. ಹೀಗೆ ಭಾರ ಹೆಚ್ಚಿದಂತೆ ತಂತಿ ಬಿಸಿಯಾಗಿ, ಹೊದಿಕೆ ಕರಗಿ ಕಿಡಿ ಹೊತ್ತುತ್ತದೆ. ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಅವಶ್ಯಕ:

1. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಒಟ್ಟು ಭಾರ ಹಾಗೂ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು. ಸೋರಿಕೆಯಾದ ವಿದ್ಯುತ್ತನ್ನು ಗುರುತಿಸಿ ತಾನಾಗಿ ಸಂಪರ್ಕ ಕಡಿಯುವ, 30 ಮಿಲಿಆಂಪಿಯರ್ ಸಾಮರ್ಥ್ಯದ ಆರ್.ಸಿ.ಸಿ.ಬಿ. ಅಳವಡಿಸಬೇಕು. ಸಾಮಾನ್ಯ ಎಂ.ಸಿ.ಬಿ. ವೈರಿಂಗನ್ನು ಕಾಪಾಡುತ್ತದೆಯೇ ಹೊರತು ಶಾಕ್ ಹೊಡೆದ ಮನುಷ್ಯನನ್ನಲ್ಲ.

2. ಇನ್ವರ್ಟರಿನ ಲೆಡ್-ಆಸಿಡ್ ಬ್ಯಾಟರಿಯು ಚಾರ್ಜ್ ಆಗುವಾಗ ಸುಲಭವಾಗಿ ಹೊತ್ತಿಕೊಳ್ಳುವ ಜಲಜನಕ ಅನಿಲವನ್ನು ಹೊರಬಿಡುತ್ತದೆ. ಅದನ್ನು ಗಾಳಿಯಾಡುವ ಕಡೆ ಇಡಬೇಕು. ಮೆಟ್ಟಿಲ ಕೆಳಗೆ ಇಡುವುದು ಸರ್ವಥಾ ಸಲ್ಲದು. ಬೆಂಕಿ ಬಿದ್ದಾಗ ಪಾರಾಗುವ ದಾರಿಯೇ ಮೆಟ್ಟಿಲು.

3. ವಿದ್ಯುತ್ ಬೆಂಕಿಗೆ ನೀರು ಎರಚಬಾರದು. ಇಂಗಾಲದ ಡೈಆಕ್ಸೈಡ್ ಅಥವಾ ಎ.ಬಿ.ಸಿ. ಪುಡಿಯ ಅಗ್ನಿನಂದಕವಿರಬೇಕು. ಪುಡಿಯ ಸಿಲಿಂಡರಿನ ಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಪಿನ್ ತೆಗೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಆಡಿಸುವ ಕ್ರಮವನ್ನು ಕನಿಷ್ಠ ಇಬ್ಬರಾದರೂ ಕಲಿತಿರಬೇಕು.

4. ಹಳೆಯ ಕಡತ, ಮಾದರಿ ಸರಕು, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊರಹೋಗುವ ದಾರಿಯಲ್ಲಿ ರಾಶಿ ಹಾಕಬಾರದು. ಜನರಿರುವಾಗ ಹಿಂಬಾಗಿಲಿಗೆ ಬೀಗ ಜಡಿಯಬಾರದು.

ಕುಳಿತು ಮಾಡುವ ಕೆಲಸ

ಬೆಂಕಿ ಒಮ್ಮೆಲೇ ಹಾನಿ ಮಾಡಿದರೆ, ತಪ್ಪು ಆಸನವು ವರ್ಷಗಟ್ಟಲೆ ನಿಧಾನವಾಗಿ ಹಾನಿ ಮಾಡುತ್ತದೆ. ಕತ್ತು, ಸೊಂಟ ಹಾಗೂ ಮಣಿಕಟ್ಟಿನ ನೋವು ಕಂಪ್ಯೂಟರ್ ಕೆಲಸದವರನ್ನು ಸಾಮಾನ್ಯವಾಗಿ ಕಾಡುವ ತೊಂದರೆಗಳು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಸುಮಾರು ಒಂದು ತೋಳಿನಷ್ಟು ದೂರದಲ್ಲಿರಬೇಕು. ಪಾದಗಳು ನೆಲದ ಮೇಲೆ ಊರಿರಬೇಕು. ಬೆರಳಚ್ಚು ಮಾಡುವಾಗ ಮೊಣಕೈ ಸುಮಾರು 90 ಡಿಗ್ರಿ ಕೋನದಲ್ಲಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಇವೆರಡೂ ಒಟ್ಟಿಗೆ ಸಾಧ್ಯವಾಗುವುದಿಲ್ಲ. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿರಿಸಿ, ಬೇರೆ ಕೀಲಿಮಣೆ ಹಾಗೂ ಮೌಸ್ ಜೋಡಿಸುವುದು ಸುಲಭ ಪರಿಹಾರ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದರಿಂದ ಕಣ್ಣಿನ ಆಯಾಸ ತಗ್ಗುತ್ತದೆ.

ಮನೆಯೂ ಕಾರ್ಯಸ್ಥಳವೇ

ಉದಾಹರಣೆಗೆ, ಹುಬ್ಬಳ್ಳಿಯ ಬಿಡಿಭಾಗ ತಯಾರಕರೊಬ್ಬರ ಲೆಕ್ಕಿಗರು ದಾವಣಗೆರೆಯ ತಮ್ಮ ಮನೆಯಿಂದ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಮಂಚದ ಮೇಲೆ ಕುಳಿತು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅರ್ಥಿಂಗ್ ಇಲ್ಲದ ಪ್ಲಗ್ಗಿನಿಂದ ವಿದ್ಯುತ್ ಪಡೆಯುತ್ತಾರೆ. ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ದಿನಗಳಲ್ಲಿ ಕೆಲಸ ನಡುರಾತ್ರಿಯವರೆಗೂ ಸಾಗುತ್ತದೆ. ಇವರಿಗೆ ಶಾಕ್ ಹೊಡೆದರೆ ಅದು ಮನೆಯ ಅವಘಡವೋ, ಕೆಲಸದ ಅಪಘಾತವೋ? ಗಾಯವು ಕೆಲಸದ ನಿಮಿತ್ತವಾಗಿ ಹಾಗೂ ಕೆಲಸದ ಅವಧಿಯಲ್ಲಿ ಆದದ್ದೇ ಎಂಬುದರ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಕೆಲಸದ ಸ್ಥಳ, ವೇಳೆ ಯಾವುದನ್ನೂ ಬರೆದಿಡದಿದ್ದರೆ ನೌಕರರಿಗೆ ನ್ಯಾಯ ಸಿಗುವುದೂ ಕಷ್ಟ, ಮಾಲೀಕರು ತಮ್ಮ ನಿಲುವನ್ನು ಸಾಬೀತುಪಡಿಸುವುದೂ ಕಷ್ಟ.

ಆದ್ದರಿಂದ ಮನೆಯಿಂದ ಕೆಲಸ ಮಾಡುವವರ ನೇಮಕಾತಿ ಪತ್ರದಲ್ಲಿ ಅಥವಾ ಪ್ರತ್ಯೇಕ ಆದೇಶದಲ್ಲಿ ಸ್ಥಳ ಮತ್ತು ವೇಳೆಯನ್ನು ನಮೂದಿಸಬೇಕು. ನೌಕರರ ಮನೆಗೆ ಹೋಗಿ ತಪಾಸಣೆ ನಡೆಸುವುದು ಸಭ್ಯವೂ ಅಲ್ಲ, ಅಗತ್ಯವೂ ಇಲ್ಲ. ಆಸನ, ಬೆಳಕು, ಪ್ಲಗ್, ತಂತಿಗಳ ಬಗ್ಗೆ ಹತ್ತು ಪ್ರಶ್ನೆಗಳ ಒಂದು ಪುಟದ ನಮೂನೆಯನ್ನು ಅವರೇ ತುಂಬಿ ಕಳುಹಿಸಿದರೆ ಸಾಕು. ಕೊರತೆ ಕಂಡಲ್ಲಿ ಸಂಸ್ಥೆಯೇ ಕುರ್ಚಿ, ಕೀಲಿಮಣೆ ಒದಗಿಸಿ ಆಸ್ತಿ ವಹಿಯಲ್ಲಿ ನಮೂದಿಸಿಕೊಳ್ಳಬಹುದು.

ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಕಾರ್ಯಸ್ಥಳದ ವ್ಯಾಖ್ಯೆಯಲ್ಲಿ ವಾಸದ ಮನೆಯನ್ನೂ ಸೇರಿಸಿದೆ ಎಂಬುದನ್ನು ಮರೆಯಬಾರದು. ತಾತ್ಕಾಲಿಕ, ಗುತ್ತಿಗೆ ಹಾಗೂ ತರಬೇತಿ ನೌಕರರೂ ಇದರ ರಕ್ಷಣೆಗೆ ಒಳಪಡುತ್ತಾರೆ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಆಂತರಿಕ ಸಮಿತಿ ರಚಿಸಬೇಕು. ತಪ್ಪಿದಲ್ಲಿ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅದಕ್ಕಿಂತ ಸಣ್ಣ ಸಂಸ್ಥೆಗಳ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು.

ದುಡಿಮೆಯ ವೇಳೆಗೂ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು ಹೆಚ್ಚು. ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಕೆಲಸ ಹೇಳುವ ಅಭ್ಯಾಸವಿರುವ ಮಾಲೀಕರು ಇದನ್ನು ಯೋಚಿಸಬೇಕು.

ಒಂದು ವಹಿ, ಒಬ್ಬ ಹೊಣೆಗಾರ

ದೊಡ್ಡ ಕಾರ್ಖಾನೆಗಳಲ್ಲಿರುವಂತೆ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಶಕ್ತಿ ಸಣ್ಣ ಸಂಸ್ಥೆಗಿಲ್ಲ. ಆದರೆ ಇರುವ ನೌಕರರಲ್ಲೇ ಒಬ್ಬರಿಗೆ ಈ ಹೊಣೆಯನ್ನು ಲಿಖಿತವಾಗಿ ವಹಿಸಬಹುದು. ಅವರು ತಿಂಗಳಿಗೊಮ್ಮೆ ಅರ್ಧ ಗಂಟೆ ಕಚೇರಿಯನ್ನು ಸುತ್ತಿ ನೋಡಿ, ಕಂಡ ದೋಷ, ದುರಸ್ತಿಯಾದ ದಿನಾಂಕ, ಸಣ್ಣಪುಟ್ಟ ಅವಘಡಗಳನ್ನು ಒಂದು ವಹಿಯಲ್ಲಿ ಬರೆಯಬೇಕು. ಮನೆಯಿಂದ ಕೆಲಸ ಮಾಡುವವರನ್ನು ದೂರವಾಣಿಯಲ್ಲಿ ವಿಚಾರಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತುರ್ತು ಸೇವೆಯ 112, ಆಂಬುಲೆನ್ಸಿನ 108 ಸಂಖ್ಯೆಗಳ ಫಲಕ ಎಲ್ಲರಿಗೂ ಕಾಣುವಂತಿರಬೇಕು.

ನೂರು ಜನರ ಸಂಸ್ಥೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಕೆಲಸ ಹೇಗೋ ಸಾಗುತ್ತದೆ. ಆರು ಜನರ ಕಚೇರಿಯಲ್ಲಿ ಲೆಕ್ಕಿಗರೊಬ್ಬರು ತಿಂಗಳುಗಟ್ಟಲೆ ಬಾರದಿದ್ದರೆ ಬಿಲ್ಲು, ತೆರಿಗೆ, ವಸೂಲಿ ಎಲ್ಲವೂ ನಿಲ್ಲುತ್ತವೆ. ಸರಕಿಗೆ ವಿಮೆ ಮಾಡಿಸುವ, ಯಂತ್ರಕ್ಕೆ ಎಣ್ಣೆ ಹಾಕಿಸುವ ವ್ಯಾಪಾರಿಗಳಿಗೆ ಈ ಲೆಕ್ಕ ಅರ್ಥವಾಗದ್ದೇನಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಆ ವಹಿಯ ಮೊದಲ ಪುಟವನ್ನು ಬರೆಯಲು ತಕ್ಕ ದಿನ.