ಅಂಗಡಿ ಫೋನ್ ರಿಂಗ್ ಆಗ್ತಿಲ್ವಾ? ಲೈನ್ ಕೆಟ್ಟಿರಲಿಕ್ಕಿಲ್ಲ, ಕಾಲ್ ಫಾರ್ವರ್ಡ್ ಆಗಿರಬಹುದು! ಟೇಬಲ್ ಫೋನಿನ ಬಟನ್‌ಗಳ ಪೂರ್ತಿ ಮಾಹಿತಿ ಇಲ್ಲಿದೆ

ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ, ಈ ವರದಿ ಬರೆಯೋ ಕೆಲಸಕ್ಕೆ ಬರೋ ಮುಂಚೆ, ನಾನು ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋದು, ಫೋನ್ ಎತ್ತೋದು ಮಾಡ್ಕೊಂಡಿದ್ದೆ. ಮೆಕ್ಕೆಜೋಳದ ಸೀಜನ್. ಸಾವ್ಕಾರ್ರು ಸಂಬಂಧಿಕರ ಮದುವೆಗೆ ಹೊರಟಾಗ ಅಂಗಡಿ ಫೋನಿಗೆ ಬರೋ ಕಾಲ್‌ಗಳನ್ನೆಲ್ಲ ಮಗನ ಮೊಬೈಲಿಗೆ ತಿರುಗಿಸಿ ಹೋದ್ರು. ಎರಡು ದಿನ ಬಿಟ್ಟು ವಾಪಸ್ ಬಂದ್ರು. ಆದರೆ ತಿರುಗಿಸಿದ್ದನ್ನು ತೆಗೆಯೋದು ಮರೆತರು. ಮಗ ಅಷ್ಟೊತ್ತಿಗೆ ಬೆಂಗಳೂರಿಗೆ ಹೋಗಿದ್ದ, ಗುರುತಿಲ್ಲದ ನಂಬರ್ ಎತ್ತುತ್ತಿರಲಿಲ್ಲ.

ನಾಲ್ಕು ದಿನ ನಮ್ಮ ಟೇಬಲ್ ಫೋನ್ ಒಂದ್ಸಲನೂ ರಿಂಗ್ ಆಗಲಿಲ್ಲ. ರಿಸೀವರ್ ಎತ್ತಿದರೆ ಟೋನ್ ಬರ್ತಿತ್ತು, ಹೊರಗೆ ಕಾಲ್ ಹೋಗ್ತಿತ್ತು. ಹಂಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಐದನೇ ದಿನ ರೈತರೊಬ್ಬರು ಅಂಗಡಿಗೇ ಬಂದು, "ಏನ್ರಪ್ಪಾ, ಫೋನ್ ಮಾಡಿ ಮಾಡಿ ಸಾಕಾಯ್ತು. ಎತ್ತೋರೇ ಇಲ್ಲ. ಮಾಲು ಬೇರೆ ಅಂಗಡಿಗೆ ಇಳಿಸಿಬಿಟ್ಟೆ" ಅಂದ್ರು. ಆವಾಗ ಸಾವ್ಕಾರ್ರು ತಲೆ ಮೇಲೆ ಕೈ ಇಟ್ಕೊಂಡ್ರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮಂಡಿ, ನರ್ಸಿಂಗ್ ಹೋಂ, ಲಾಡ್ಜ್, ಸೊಸೈಟಿ, ಕಾಲೇಜು ಆಫೀಸು ಎಲ್ಲಾ ಕಡೆ ಟೇಬಲ್ ಮೇಲೆ ಒಂದು ಫೋನ್ ಇನ್ನೂ ಇದೆ. ಅದರ ಮೇಲೆ ಹತ್ತಿಪ್ಪತ್ತು ಬಟನ್ ಇರುತ್ತವೆ. ನಾವು ಬಳಸೋದು ನಂಬರ್ ಮತ್ತು ರೀಡಯಲ್ ಮಾತ್ರ. ಉಳಿದವು ಏನು ಮಾಡ್ತವೆ, ಹೇಗೆ ಸೆಟ್ ಮಾಡೋದು, ಎಲ್ಲಿ ಎಚ್ಚರ ಇರಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಫೋನ್ ಯಾವ ಥರದ್ದು ನೋಡಿ

ನಮ್ಮ ಕಡೆ ಇರೋದು ಮೂರು ಥರ.

ಒಂದು, ನೇರ ಲೈನಿನ ಸಾದಾ ಫೋನ್. ಗೋಡೆಯ ಪೆಟ್ಟಿಗೆಯಿಂದ ಅಥವಾ ಫೈಬರ್ ಡಬ್ಬಿಯಿಂದ ತೆಳು ವೈರ್ ಬಂದು ಫೋನಿಗೆ ಸೇರುತ್ತೆ.

ಎರಡು, ಇಂಟರ್‌ಕಾಂ ಫೋನ್. ಒಳಗೆ ಎಲ್ಲೋ ಒಂದು ಇಪಿಎಬಿಎಕ್ಸ್ ಪೆಟ್ಟಿಗೆ ಇರುತ್ತೆ. ಒಳಗಿನವರಿಗೆ ಎರಡು ಅಥವಾ ಮೂರು ಅಂಕಿ ಒತ್ತಿದರೆ ಸಾಕು. ಹೊರಗಿನ ಲೈನ್ ಬೇಕಾದರೆ ಮೊದಲು 0 ಅಥವಾ 9 ಒತ್ತಬೇಕು.

ಮೂರು, ಐಪಿ ಫೋನ್. ಇದಕ್ಕೆ ಇಂಟರ್ನೆಟ್ ಕೇಬಲ್ ಹೋಗಿರುತ್ತೆ, ಪರದೆ ಮೇಲೆ ಮೆನು ಬರುತ್ತೆ. ಬ್ಯಾಂಕು, ಶೋರೂಂಗಳಲ್ಲಿ ನೋಡಿರ್ತೀರಿ.

ಬಟನ್ ಮೇಲಿನ ಹೆಸರು ಒಂದೇ ಇದ್ದರೂ ಸೆಟ್ ಮಾಡೋ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಡಬ್ಬಿ ಜೊತೆ ಬಂದ ಸಣ್ಣ ಪುಸ್ತಕ ಬಿಸಾಡಬೇಡಿ. ಕಳೆದಿದ್ದರೆ ಫೋನ್ ತಿರುಗಿಸಿ ಅಡಿಯಲ್ಲಿರೋ ಮಾಡೆಲ್ ನಂಬರ್ ನೋಡಿ ಮೊಬೈಲಲ್ಲಿ ಹುಡುಕಿದರೆ ಸಿಗುತ್ತೆ.

ಸ್ಟಾರ್, ಹ್ಯಾಷ್ ಯಾಕೆ ಬೇಕು?

ಹಳೇ ತಿರುಗಣೆ ಫೋನಿನಲ್ಲಿ 0ಯಿಂದ 9ರ ತನಕ ಮಾತ್ರ ಇತ್ತು. ಬಟನ್ ಫೋನ್ ಬಂದ ಮೇಲೆ 1968ರ ಹೊತ್ತಿಗೆ ಅಮೆರಿಕದಲ್ಲಿ ಸ್ಟಾರ್ ಮತ್ತು ಹ್ಯಾಷ್ ಸೇರಿಸಿದರು. "ಇದು ನಂಬರ್ ಅಲ್ಲ, ಆದೇಶ" ಅಂತ ಎಕ್ಸ್‌ಚೇಂಜಿಗೆ ತಿಳಿಸೋಕೆ ಈ ಎರಡು ಕೀ ಉಪಯೋಗಕ್ಕೆ ಬಂದವು. ನಮ್ಮಲ್ಲಿ ಹಳ್ಳಿ ಕಡೆಗೆ ಡಿಜಿಟಲ್ ಎಕ್ಸ್‌ಚೇಂಜ್ ಬರೋಕೆ ಶುರುವಾಗಿದ್ದು 1980ರ ದಶಕದಲ್ಲಿ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ತಯಾರಿಸಿದ ಸಣ್ಣ ಎಕ್ಸ್‌ಚೇಂಜ್ ಮೊದಲು ಕೂತಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ.

ಇಲ್ಲೊಂದು ಸಣ್ಣ ವಿಷಯ. ಕೆಲವು ಫೋನಿನ ಪಕ್ಕದಲ್ಲಿ ಅಥವಾ ಅಡಿಯಲ್ಲಿ ಟೋನ್, ಪಲ್ಸ್ ಅನ್ನೋ ಸ್ವಿಚ್ ಇರುತ್ತೆ. ಅದು ಪಲ್ಸ್ ಕಡೆ ಇದ್ದರೆ ಸ್ಟಾರ್, ಹ್ಯಾಷ್ ಕೋಡ್ ಕೆಲಸ ಮಾಡಲ್ಲ. ಬ್ಯಾಂಕಿಗೆ ಫೋನ್ ಮಾಡಿದಾಗ "ಕನ್ನಡಕ್ಕಾಗಿ ಇಷ್ಟನ್ನು ಒತ್ತಿ" ಅಂದಾಗಲೂ ಒತ್ತಿದ್ದು ಹೋಗಲ್ಲ. ಸ್ವಿಚ್ ಟೋನ್ ಕಡೆಗೇ ಇರಲಿ.

ದಿನಾ ಬೇಕಾಗೋ ಬಟನ್‌ಗಳು

ಮ್ಯೂಟ್: ನಿಮ್ಮ ಮಾತು ಆ ಕಡೆ ಕೇಳಲ್ಲ, ಅವರ ಮಾತು ನಿಮಗೆ ಕೇಳುತ್ತೆ. ಗಿರಾಕಿ ಲೈನಲ್ಲಿದ್ದಾಗ ಗುಮಾಸ್ತರ ಹತ್ರ ರೇಟು ಕೇಳೋಕೆ ಇದನ್ನು ಒತ್ತಿ. ರಿಸೀವರ್‌ಗೆ ಅಂಗೈ ಮುಚ್ಚಿದರೆ ಮಾತೆಲ್ಲ ಕೇಳಿಸುತ್ತೆ ರೀ.

ಹೋಲ್ಡ್: ಎರಡೂ ಕಡೆ ಮಾತು ನಿಲ್ಲುತ್ತೆ, ಕಾಲ್ ಕಟ್ ಆಗಲ್ಲ.

ಫ್ಲ್ಯಾಷ್: ಕೆಲವು ಫೋನಿನಲ್ಲಿ ಬರೀ ಆರ್ ಅಂತ ಇರುತ್ತೆ. ಇದು ಲೈನನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬಿಟ್ಟು ಹಿಡಿಯುತ್ತೆ. ಇಂಟರ್‌ಕಾಂನಲ್ಲಿ ಬಂದ ಕಾಲನ್ನು ಒಳಗಿನ ಟೇಬಲ್‌ಗೆ ಕೊಡೋಕೆ ಇದೇ ಬೇಕು. ಫ್ಲ್ಯಾಷ್ ಒತ್ತಿ, ಒಳಗಿನವರ ನಂಬರ್ ಒತ್ತಿ, ಅವರು ಎತ್ತಿದ ಮೇಲೆ ನೀವು ಇಡಿ.

ಪಾಸ್: ನಂಬರ್ ಮಧ್ಯೆ ಸ್ವಲ್ಪ ಹೊತ್ತು ನಿಲ್ಲಿಸೋಕೆ. ಇದರ ಉಪಯೋಗ ಮುಂದೆ ಸ್ಪೀಡ್ ಡಯಲ್‌ನಲ್ಲಿ ಬರುತ್ತೆ.

ರಿಂಗರ್: ಜೋರು, ಸಣ್ಣ, ಬಂದ್ ಅಂತ ಮೂರು ಇರುತ್ತೆ. "ಫೋನ್ ಕೆಟ್ಟೈತೆ" ಅನ್ನೋ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ. ಕಸ ಒರೆಸುವಾಗ ಕೈ ತಾಗಿ ರಿಂಗರ್ ಬಂದ್ ಆಗಿರುತ್ತೆ.

ಸ್ಪೀಡ್ ಡಯಲ್: ಒಂದು ಸೊನ್ನೆಯ ಕಥೆ

ಪದೇ ಪದೇ ಮಾಡೋ ನಂಬರನ್ನು ಒಂದು ಕೀಗೆ ಕಟ್ಟಿ ಇಡೋದೇ ಸ್ಪೀಡ್ ಡಯಲ್. ಸಾದಾ ಫೋನಿನಲ್ಲಿ ಸಾಮಾನ್ಯವಾಗಿ ಸ್ಟೋರ್ ಅಥವಾ ಪ್ರೋಗ್ರಾಂ ಬಟನ್ ಒತ್ತಿ, ನಂಬರ್ ಒತ್ತಿ, ಮತ್ತೆ ಸ್ಟೋರ್ ಅಥವಾ ಆಟೋ ಒತ್ತಿ, ಯಾವ ಕೀಗೆ ಬೇಕೋ ಆ ಕೀ ಒತ್ತಬೇಕು. ಐಪಿ ಫೋನಿನಲ್ಲಿ ಮೆನುಗೆ ಹೋಗಿ ಸೆಟ್ ಮಾಡಬೇಕು. ಕೆಲವದರಲ್ಲಿ ಖಾಲಿ ಬಟನನ್ನು ಒತ್ತಿ ಹಿಡಿದರೇ ಅದರ ಸೆಟ್ಟಿಂಗ್ ತೆರೆಯುತ್ತೆ.

ಬಹಳ ಜನ ಎಡವೋದು ಸೊನ್ನೆಯಲ್ಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವುದೇ ಮೊಬೈಲಿಗೆ ಕಾಲ್ ಮಾಡೋಕೆ ಮುಂದೆ 0 ಹಾಕಲೇಬೇಕು ಅನ್ನೋ ನಿಯಮ ಬಂದಿದೆ. ಅದಕ್ಕಿಂತ ಮುಂಚೆ ಸ್ಪೀಡ್ ಡಯಲ್‌ನಲ್ಲಿ ಹಾಕಿಟ್ಟ ಲೋಕಲ್ ಮೊಬೈಲ್ ನಂಬರ್‌ಗಳು ಹತ್ತೇ ಅಂಕಿಯಲ್ಲಿ ಇದ್ದರೆ ಹೋಗಲ್ಲ. ಅಳಿಸಿ ಸೊನ್ನೆ ಸೇರಿಸಿ ಮತ್ತೆ ಹಾಕಿ.

ಇಂಟರ್‌ಕಾಂ ಇದ್ದರೆ ಎರಡು ಸೊನ್ನೆ ಬೇಕಾಗಬಹುದು. ಹೊರಗಿನ ಲೈನಿಗೆ ಒಂದು 0, ಆಮೇಲೆ ಪಾಸ್, ಆಮೇಲೆ ಮೊಬೈಲಿನ 0, ಆಮೇಲೆ ಹತ್ತು ಅಂಕಿ. ಪಾಸ್ ಹಾಕದಿದ್ದರೆ ಹೊರಗಿನ ಲೈನ್ ಸಿಗೋ ಮುಂಚೆಯೇ ನಂಬರ್ ಓಡಿ ಮುಗಿದಿರುತ್ತೆ.

ಬೇರೆ ತಾಲೂಕಿನ ಲ್ಯಾಂಡ್‌ಲೈನ್ ಹಾಕುವಾಗ ಎಸ್‌ಟಿಡಿ ಕೋಡ್ ಸೇರಿಸಿ. ಕೂಡ್ಲಿಗಿ 08391, ಹಗರಿಬೊಮ್ಮನಹಳ್ಳಿ 08397, ಹರಪನಹಳ್ಳಿ 08398, ಹಡಗಲಿ 08399, ಹೊಸಪೇಟೆ 08394. ಜಿಲ್ಲೆ ಒಂದೇ ಆದರೂ ಕೋಡ್ ಬೇರೆ ಬೇರೆ.

ಮೊದಲ ಮೂರು ಕೀಗಳನ್ನು ತುರ್ತಿಗೆ ಇಟ್ಟುಬಿಡಿ. ಪೊಲೀಸ್ ಮತ್ತು ಎಲ್ಲಾ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಕರೆಂಟ್ ದೂರಿಗೆ 1912. ಇವಕ್ಕೆ ಮೊಬೈಲಿಗೆ ಹಾಕೋ ಸೊನ್ನೆ ಬೇಡ. ಇಂಟರ್‌ಕಾಂ ಇದ್ದರೆ ಹೊರಗಿನ ಲೈನಿನ ಅಂಕಿ ಬೇಕಾ ಅಂತ ಪೆಟ್ಟಿಗೆ ಕೂರಿಸಿದವರನ್ನು ಇವತ್ತೇ ಕೇಳಿ ತಿಳ್ಕೊಳ್ಳಿ. ಬೆಂಕಿ ಬಿದ್ದಾಗ ಕೇಳೋಕೆ ಆಗಲ್ಲ.

ಕಾಲ್ ಫಾರ್ವರ್ಡ್: ಅನುಕೂಲನೂ ಇದೇ, ಅಪಾಯನೂ ಇದೇ

ನಿಮಗೆ ಬರೋ ಕಾಲನ್ನು ಬೇರೆ ನಂಬರಿಗೆ ತಿರುಗಿಸೋದು ಫಾರ್ವರ್ಡ್. ಇದರಲ್ಲಿ ಮೂರು ಬಗೆ. ಬಂದ ಕಾಲೆಲ್ಲ ನೇರ ತಿರುಗೋದು. ಲೈನ್ ಬಿಜಿ ಇದ್ದಾಗ ಮಾತ್ರ ತಿರುಗೋದು. ಇಷ್ಟು ಹೊತ್ತು ರಿಂಗ್ ಆಗಿ ಯಾರೂ ಎತ್ತದಿದ್ದರೆ ತಿರುಗೋದು.

ಅಂಗಡಿಯವರಿಗೆ ನನ್ನ ಸಲಹೆ ಮೂರನೆಯದು. ಇದರಲ್ಲಿ ಟೇಬಲ್ ಫೋನ್ ಮೊದಲು ರಿಂಗ್ ಆಗುತ್ತೆ. ತೆಗೆಯೋದು ಮರೆತರೂ ಅಂಗಡಿಯಲ್ಲಿದ್ದವರು ಎತ್ತಬಹುದು. ನಮ್ಮ ಸಾವ್ಕಾರ್ರು ಮಾಡಿದ್ದು ಮೊದಲನೆಯದು. ಅದರಲ್ಲಿ ಟೇಬಲ್ ಫೋನಿಗೆ ಸುದ್ದಿಯೇ ಬರಲ್ಲ.

ಲ್ಯಾಂಡ್‌ಲೈನ್‌ಗೆ ಫಾರ್ವರ್ಡ್ ಹಾಕೋ ಕೋಡ್, ತೆಗೆಯೋ ಕೋಡ್ ಆಯಾ ಎಕ್ಸ್‌ಚೇಂಜ್ ಮೇಲೆ ಹೋಗುತ್ತೆ. ನಿಮ್ಮ ಟೆಲಿಫೋನ್ ಆಫೀಸಿನಲ್ಲಿ ಎರಡೂ ಕೋಡ್ ಒಟ್ಟಿಗೆ ಕೇಳಿ ಬರ್ಕೊಳ್ಳಿ. ಹಾಕೋದು ಮಾತ್ರ ಕಲಿತು ಬರಬೇಡಿ. ಇಂಟರ್‌ಕಾಂ, ಐಪಿ ಫೋನ್‌ಗಳಲ್ಲಿ ಫಾರ್ವರ್ಡ್ ಅನ್ನೋ ಬಟನ್ನೇ ಇರುತ್ತೆ, ಹಾಕಿದಾಗ ದೀಪ ಉರಿಯುತ್ತೆ ಅಥವಾ ಪರದೆ ಮೇಲೆ ಬಾಣದ ಗುರುತು ಬರುತ್ತೆ. ಸಾದಾ ಫೋನಿನಲ್ಲಿ ಅಂಥ ಗುರುತು ಇಲ್ಲ. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಡಯಲ್ ಟೋನ್ ಬಿಟ್ಟು ಬಿಟ್ಟು ಬರುತ್ತೆ, ಅಷ್ಟೇ ಸುಳಿವು.

ತಿರುಗಿಸಿದ ಕಾಲಿನ ಖರ್ಚು ನಿಮ್ಮ ಲೈನಿಗೆ ಬೀಳಬಹುದು. ನಿಮ್ಮ ಪ್ಲಾನ್‌ನಲ್ಲಿ ಕಾಲ್ ಉಚಿತ ಇದೆಯಾ ನೋಡಿಕೊಂಡು ಹಾಕಿ.

ಇದೇ ಗುಂಪಿನದು ಡಿಎನ್‌ಡಿ, ಅಂದರೆ ತೊಂದರೆ ಕೊಡಬೇಡಿ ಬಟನ್. ಒತ್ತಿದರೆ ಫೋನ್ ರಿಂಗ್ ಆಗಲ್ಲ, ಮಾಡಿದವರಿಗೆ ಬಿಜಿ ಟೋನ್ ಕೇಳಬಹುದು. ಡಾಕ್ಟರ್ ರೋಗಿ ನೋಡುವಾಗ ಒತ್ತಿದ್ದು ಸಂಜೆ ತನಕ ಹಂಗೇ ಉಳಿದರೆ ರಿಸೆಪ್ಷನ್‌ನವರು ಎಷ್ಟು ಒತ್ತಿದರೂ ಒಳಗೆ ಕೇಳಲ್ಲ.

ಮೊಬೈಲಲ್ಲಿ ಇದೇ ಕೋಡ್ ಕಳ್ಳರ ಕೈಲಿ

ಕಾಲ್ ತಿರುಗಿಸೋ ಈ ಕೋಡನ್ನೇ ಸೈಬರ್ ಕಳ್ಳರು ಬಳಸ್ತಾರೆ. "ಕೊರಿಯರ್ ಬಂದಿದೆ, ವಿಳಾಸ ಸಿಗ್ತಿಲ್ಲ, ಈ ನಂಬರ್ ಒತ್ತಿ" ಅಥವಾ "ನಿಮ್ಮ ಸಿಮ್ ಬಂದ್ ಆಗುತ್ತೆ, ಇದನ್ನು ಒತ್ತಿ" ಅಂತ ಹೇಳ್ತಾರೆ. ಅವರು ಹೇಳೋದು ಸ್ಟಾರ್ 21 ಸ್ಟಾರ್, ಅಥವಾ ಸ್ಟಾರ್ 401 ಸ್ಟಾರ್, ಅದರ ಮುಂದೆ ಹತ್ತು ಅಂಕಿ. ಆ ಹತ್ತು ಅಂಕಿ ಕಳ್ಳನ ಮೊಬೈಲ್. ಒತ್ತಿದ ಕೂಡಲೇ ನಿಮ್ಮ ಕಾಲ್ ಅವನಿಗೆ ಹೋಗುತ್ತೆ. ಕಾಲ್ ಮೂಲಕ ಬರೋ ಒಟಿಪಿ ಕೂಡ ಅವನಿಗೇ. ಅದರಿಂದ ನಿಮ್ಮ ವಾಟ್ಸಾಪ್ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತೆ, ನಿಮ್ಮ ಹೆಸರಲ್ಲಿ ಗಿರಾಕಿಗಳ ಹತ್ರ ದುಡ್ಡು ಕೇಳ್ತಾನೆ.

ಇದೇ ಕಾರಣಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಮೂಲಕ ಫಾರ್ವರ್ಡ್ ಮಾಡೋದನ್ನು ನಿಲ್ಲಿಸಿ ಅಂತ ಕಂಪನಿಗಳಿಗೆ ಸೂಚಿಸಿತ್ತು. ಹಂಗಂತ ಮೈಮರೆಯೋದು ಬೇಡ. ನಿಮ್ಮ ಮೊಬೈಲಿನ ಕಾಲ್ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ಗುರುತಿಲ್ಲದ ನಂಬರ್ ಇದೆಯಾ ನೋಡಿ. *#21# ಒತ್ತಿದರೂ ಬಹಳ ನೆಟ್‌ವರ್ಕ್‌ಗಳಲ್ಲಿ ತೋರಿಸುತ್ತೆ. ಎಲ್ಲಾ ಫಾರ್ವರ್ಡ್ ಒಟ್ಟಿಗೆ ತೆಗೆಯೋಕೆ ##002#. ಕೆಲಸ ಮಾಡದಿದ್ದರೆ ನಿಮ್ಮ ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿ ತೆಗೆಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕಾಲ್ ಮಾಡಿ. ದುಡ್ಡು ಹೋಗಿಲ್ಲ, ಅನುಮಾನದ ಕಾಲ್ ಬಂದಿದೆ ಅಂದರೆ ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ದೂರು ಹಾಕಬಹುದು.

ಇಂಟರ್‌ಕಾಂ ಇರೋರು ಈ ಎರಡು ಕೆಲಸ ಮಾಡಿ

ಒಂದು, ಪಿಕಪ್ ಕೋಡ್ ಎಲ್ಲರಿಗೂ ಕಲಿಸಿ. ಪಕ್ಕದ ಟೇಬಲ್ ಫೋನ್ ರಿಂಗ್ ಆಗ್ತಿದ್ದರೆ ಎದ್ದು ಓಡೋದು ಬೇಡ, ನಿಮ್ಮ ಫೋನಿನಲ್ಲೇ ಆ ಕೋಡ್ ಒತ್ತಿ ಎತ್ತಬಹುದು. ಐಪಿ ಫೋನ್ ಇದ್ದರೆ ಒಳಗಿನ ಒಬ್ಬೊಬ್ಬರಿಗೂ ಒಂದೊಂದು ಕೀ ಕಟ್ಟಬಹುದು. ಅವರು ಮಾತಾಡ್ತಿದ್ದರೆ ಆ ಕೀ ದೀಪ ಕೆಂಪಾಗುತ್ತೆ.

ಎರಡು, ಪಾಸ್‌ವರ್ಡ್ ಬದಲಾಯಿಸಿ. ಪೆಟ್ಟಿಗೆ ಕೂರಿಸಿದಾಗ ಇರೋ 1234, 0000 ಥರದ ಪಾಸ್‌ವರ್ಡ್ ವರ್ಷಗಟ್ಟಲೆ ಹಂಗೇ ಇರುತ್ತೆ. ಹೊರಗಿನಿಂದ ಒಳಗೆ ಬಂದು ನಿಮ್ಮ ಲೈನಿನಿಂದ ವಿದೇಶಕ್ಕೆ ಕಾಲ್ ಮಾಡೋ ವಂಚನೆ ಜಗತ್ತಿನ ತುಂಬಾ ಇದೆ. ಬಿಲ್ ಬರೋದು ನಿಮ್ಮ ಹೆಸರಿಗೆ. ವಿದೇಶಕ್ಕೆ ಕಾಲ್ ಬೇಡ ಅಂದರೆ ಐಎಸ್‌ಡಿ ಬಂದ್ ಮಾಡಿಸಿ.

ಕರೆಂಟ್ ಹೋದರೆ?

ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರ್ತಿತ್ತು, ಊರಲ್ಲಿ ಕರೆಂಟ್ ಹೋದರೂ ಫೋನ್ ಮಾತಾಡ್ತಿತ್ತು. ಫೈಬರ್ ಲೈನ್ ಹಂಗಲ್ಲ. ಗೋಡೆಯ ಡಬ್ಬಿಗೆ ಕರೆಂಟ್ ಇಲ್ಲದಿದ್ದರೆ ಫೋನ್ ಇಲ್ಲ. ಆ ಡಬ್ಬಿಗೆ ಒಂದು ಮಿನಿ ಯುಪಿಎಸ್ ಹಾಕ್ಕೊಳ್ಳಿ. ಪರದೆ ಇರೋ ಕೆಲವು ಸಾದಾ ಫೋನಿನ ಒಳಗೆ ಸೆಲ್ ಕೂಡ ಇರುತ್ತೆ. ಅದು ಸತ್ತರೆ ಕಾಲ್ ಮಾಡಿದವರ ನಂಬರ್ ಕಾಣಲ್ಲ, ಹಾಕಿಟ್ಟ ನಂಬರ್‌ಗಳೂ ಅಳಿಸಿ ಹೋಗಬಹುದು. ಅವನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಡಿ.

ಕೊನೆಗೆ ಒಂದೇ ಮಾತು

ದಿನಾ ಬಾಗಿಲು ತೆಗೆದು ಪೂಜೆ ಮಾಡಿದ ಮೇಲೆ, ನಿಮ್ಮ ಮೊಬೈಲಿನಿಂದ ಅಂಗಡಿ ಫೋನಿಗೆ ಒಂದು ಕಾಲ್ ಕೊಡಿ. ಟೇಬಲ್ ಮೇಲಿನ ಫೋನ್ ರಿಂಗ್ ಆದರೆ ಸರಿ. ಮೊಬೈಲಿನಲ್ಲಿ ರಿಂಗ್ ಕೇಳಿ, ಟೇಬಲ್ ಮೇಲೆ ಸದ್ದಿಲ್ಲ ಅಂದರೆ ಮೊದಲು ರಿಂಗರ್ ನೋಡಿ, ಆಮೇಲೆ ಡಿಎನ್‌ಡಿ ನೋಡಿ, ಆಮೇಲೆ ಫಾರ್ವರ್ಡ್ ನೋಡಿ. ಇವು ಮೂರೂ ಸರಿ ಇದ್ದರೆ ಮಾತ್ರ ಲೈನ್‌ಮನ್‌ಗೆ ಹೇಳಿ.

ನಮ್ಮ ಅಂಗಡಿಯಲ್ಲಿ ಆ ಘಟನೆ ಆದ ಮೇಲೆ ಸಾವ್ಕಾರ್ರು ಫೋನಿನ ಪಕ್ಕ ಒಂದು ರಟ್ಟು ಅಂಟಿಸಿದ್ರು. ಫಾರ್ವರ್ಡ್ ಹಾಕೋ ಕೋಡ್ ಮೇಲೆ, ತೆಗೆಯೋ ಕೋಡ್ ಕೆಳಗೆ, ಯಾರು ಯಾವತ್ತು ಹಾಕಿದ್ರು ಅಂತ ಬರೆಯೋಕೆ ಪಕ್ಕದಲ್ಲಿ ಜಾಗ. ಆ ರೈತರು ಮುಂದಿನ ವರ್ಷ ಮಾಲು ತಂದ್ರು. ಆದರೆ ಆ ವರ್ಷದ ಲೋಡು ಹೋಗಿದ್ದು ಹೋಯ್ತು.