ಸಕ್ಕರೆಯ ನಾಡಿನಲ್ಲಿ ಸಕ್ಕರೆ ಬೇನೆಯ ಮಕ್ಕಳು

ಕೃಷ್ಣೆ, ದೂಧಗಂಗೆ, ವೇದಗಂಗೆಯರು ಹರಿಯುವ ನಮ್ಮ ಸೀಮೆ ಕಬ್ಬಿನ ಸೀಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಳೆದಂಡೆಯಲ್ಲಿ ಎತ್ತ ನೋಡಿದರೂ ಕಬ್ಬು. ಉಗಾರದಂಥ ಊರಿಗೆ ಸಕ್ಕರೆ ಕಾರಖಾನೆಯೇ ಹೆಸರು ತಂದುಕೊಟ್ಟಿದೆ. ಇಂಥ ನಾಡಿನಲ್ಲಿ ಒಂದು ಬೇನೆಗೆ ಸಕ್ಕರೆಯ ಹೆಸರು ಬಿದ್ದಿರುವುದು ವಿಚಿತ್ರ. ಹೆಸರು ವಸ್ತುವನ್ನು ಗುರುತಿಸಲು ನೆರವಾಗಬೇಕು. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. 14 ವರ್ಷದ ಹುಡುಗಿಗೆ ಸಕ್ಕರೆ ಬೇನೆ ಎಂದೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ, ‘ಬೆಲ್ಲ ಭಾಳ ತಿಂತಿದ್ದಳೇನು?’ ಎಂಬುದು. ಆ ಒಂದು ಪ್ರಶ್ನೆಯಿಂದ ಹುಡುಗಿ ಅಪರಾಧಿಯಾಗುತ್ತಾಳೆ. ತಾಯಿ ಅವಳಿಗಿಂತ ದೊಡ್ಡ ಅಪರಾಧಿಯಾಗುತ್ತಾಳೆ.

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ನನ್ನ ತಂಗಿಯ ಮಗಳಿಗೆ ಈ ಬೇನೆ ಕಾಣಿಸಿಕೊಂಡಾಗ ವೈದ್ಯರಿಂದ ಕೇಳಿ, ಓದಿ, ಕಂಡು ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ನಡುವಯಸ್ಸಿನವರಲ್ಲಿ ನಾವು ದಿನವೂ ಕಾಣುವುದು ಎರಡನೆಯ ಬಗೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯ ಬಗೆ. ಇದರ ಮೂಲವೇ ಬೇರೆ. ಹೊಟ್ಟೆಯ ಹಿಂಬದಿಯಲ್ಲಿ ಮೇದೋಜೀರಕವೆಂಬ ಗ್ರಂಥಿಯಿದೆ. ಅದರೊಳಗಿನ ಬೀಟಾ ಜೀವಕೋಶಗಳು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತವೆ. ರಕ್ತದಲ್ಲಿರುವ ಸಕ್ಕರೆ ಸ್ನಾಯುಗಳ ಒಳಗೆ ಹೋಗಿ ಶಕ್ತಿಯಾಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಯಬೇಕು. ರೋಗಾಣುಗಳ ಮೇಲೆ ಯುದ್ಧ ಮಾಡಬೇಕಾದ ನಮ್ಮ ದೇಹದ ಕಾವಲು ಪಡೆ, ಯಾವುದೋ ಭ್ರಮೆಯಿಂದ ಈ ಜೀವಕೋಶಗಳನ್ನೇ ಶತ್ರುವೆಂದು ಬಗೆದು ನಾಶಮಾಡುವುದೇ ಈ ಬೇನೆಯ ಮೂಲ. ತಿಂದ ಬೆಲ್ಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಂಟುವುದೂ ಇಲ್ಲ. 1995ರಿಂದ 2008ರವರೆಗಿನ ಕರ್ನಾಟಕದ ಮಧುಮೇಹ ದಾಖಲೆಯ ಪ್ರಕಾರ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದು ಹೊಸದಾಗಿ ಬರುತ್ತದೆ. ವಿರಳವೆಂಬ ಕಾರಣಕ್ಕಾಗಿಯೇ ಗುರುತಿಸುವುದು ತಡವಾಗುತ್ತದೆ.

ಲಕ್ಷಣಗಳು ಸ್ಪಷ್ಟ: ಹಿಂಗದ ನೀರಡಿಕೆ, ಪದೇ ಪದೇ ಮೂತ್ರ, ಉಂಡರೂ ಸೊರಗುವ ಮೈ, ದಣಿವು. ಇವನ್ನು ಅಲಕ್ಷಿಸಿದರೆ ದೇಹ ಸಕ್ಕರೆಯ ಬದಲು ಕೊಬ್ಬನ್ನು ಸುಡತೊಡಗುತ್ತದೆ. ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಹೊಟ್ಟೆನೋವು, ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಕಂಡರೆ ಒಂದು ಗಳಿಗೆಯೂ ತಡೆಯಬಾರದು. ಕಾಗವಾಡ, ಅಥಣಿಯವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಹಾಪುರ, ಉಳಿದವರಿಗೆ ಬೆಳಗಾವಿ. ಯಾವುದು ಹತ್ತಿರವೋ ಅಲ್ಲಿಗೆ ಹೋಗಬೇಕು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ತಾಲ್ಲೂಕಿನ ಆಸ್ಪತ್ರೆಯಲ್ಲಿಯೂ ಆಗುತ್ತದೆ.

ಇನ್ಸುಲಿನ್ ದೊರೆಯುವ ಮೊದಲು ಈ ಬೇನೆ ಬಂದ ಮಗು ಬದುಕುತ್ತಿರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಮ್ಸನ್. ವಯಸ್ಸು 14, ಎಲುಬಿನ ಹಂದರದಂತಿದ್ದ ಹುಡುಗ. ಮೊದಲ ಸೂಜಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಜ್ಞ ಔಷಧವನ್ನು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳು ಕೊಟ್ಟ ಎರಡನೆಯದು ಫಲಿಸಿತು. ಅವನು ಮತ್ತೆ 13 ವರ್ಷ ಬಾಳಿದ. ಸಂಶೋಧಕರು ಪೇಟೆಂಟಿನ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ನಮ್ಮ ಜನ ತಲೆತಲಾಂತರದಿಂದ ನಡೆದುಹೋದ ಮಿರಜದ ಆಸ್ಪತ್ರೆಯನ್ನು 1894ರಲ್ಲಿ ಕಟ್ಟಿದ ವಾನ್ಲೆಸ್ ಅವರೂ ಕೆನಡಾದವರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈಗ ಅತ್ಯಂತ ಅಪಾಯದ ಮಾತಿಗೆ ಬರುತ್ತೇನೆ. ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಿಗೆ ಬೇಕಾಗುವ ಪ್ರಮಾಣ ತೀರ ಇಳಿಯುತ್ತದೆ. ಅಳಿದುಳಿದ ಬೀಟಾ ಜೀವಕೋಶಗಳು ವಿಶ್ರಾಂತಿ ಪಡೆದು ಮತ್ತೆ ಸ್ವಲ್ಪ ಕಾಲ ದುಡಿಯುವುದರಿಂದ ಹೀಗಾಗುತ್ತದೆ. ವೈದ್ಯರು ಇದನ್ನು ಮಧುಚಂದ್ರದ ಕಾಲವೆನ್ನುತ್ತಾರೆ. ಸರಿಯಾಗಿ ಇದೇ ಹೊತ್ತಿಗೆ ಯಾರೋ ಒಬ್ಬರು ಬೇರಿನ ಪುಡಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ನಮ್ಮ ಮನೆಗೂ ಬಂದರು. ‘ಜೀವ ಇರೋತನಕ ಸೂಜಿ ಯಾಕ ಬೇಕು?’ ಎಂದು ನಮ್ಮವ್ವ ಕೇಳಿದಾಗ ಆ ಪ್ರಶ್ನೆಯಲ್ಲಿ ಅಜ್ಞಾನಕ್ಕಿಂತ ಮೊಮ್ಮಗಳ ಮೇಲಿನ ಮರುಕವೇ ಹೆಚ್ಚಾಗಿತ್ತು. ಪುಡಿ ತಿಂದಿದ್ದರೆ, ಇಳಿದ ಸಕ್ಕರೆಯ ಕೀರ್ತಿಯೆಲ್ಲ ಪುಡಿಗೆ ಸಲ್ಲುತ್ತಿತ್ತು, ಸೂಜಿ ನಿಲ್ಲುತ್ತಿತ್ತು. ವೈದ್ಯರು ಮುಂಚಿತವಾಗಿಯೇ ಎಚ್ಚರಿಸಿದ್ದರಿಂದ ಪ್ರಮಾಣವನ್ನು ಅವರ ಮಾತಿನಂತೆ ಇಳಿಸಿದೆವೇ ಹೊರತು ನಿಲ್ಲಿಸಲಿಲ್ಲ. ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಮೇಲೇರಿತು. ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಅನ್ನದಷ್ಟೇ ಅಗತ್ಯ. ಜ್ವರ ಬಂದು ಊಟ ಬಿಟ್ಟ ದಿನವೂ ಅದನ್ನು ಪೂರ್ತಿಯಾಗಿ ಬಿಡುವಂತಿಲ್ಲ. ಎಷ್ಟು ಬೇಕೆಂದು ವೈದ್ಯರನ್ನು ಕೇಳಬೇಕು.

ದಿನದ ಬದುಕಿನಲ್ಲಿ ಕೆಲವು ಸೂಕ್ಷ್ಮಗಳಿವೆ. ಸೀಸೆಯ ಇನ್ಸುಲಿನ್ ನಮ್ಮಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. ಇವು ಅದಲುಬದಲಾದರೆ ಅನಾಹುತ. ಚುಚ್ಚುವ ಜಾಗವನ್ನು ಹೊಟ್ಟೆ, ತೊಡೆ ಎಂದು ಬದಲಿಸುತ್ತಿರಬೇಕು. ಔಷಧ ಬಿಸಿಲಿಗೂ ಹಿಮಕ್ಕೂ ಕೆಡುತ್ತದೆ. ಅಥಣಿಯ ವೈಶಾಖದಲ್ಲಿ ಕರೆಂಟು ಹೋದಾಗ, ಒದ್ದೆ ಉಸುಕಿನ ಮೇಲೆ ನೆರಳಲ್ಲಿಟ್ಟ ಮಣ್ಣಿನ ಗಡಿಗೆ ಅದನ್ನು ತಂಪಾಗಿಡುತ್ತದೆ.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆಗ ಸಕ್ಕರೆಯೇ ಮದ್ದು: ಸುಮಾರು ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಆಸ್ಪತ್ರೆಗೆ ಒಯ್ಯಬೇಕು. ಚಿಂಚಲಿಯ ಜಾತ್ರೆಗೆ ಹೊರಟರೂ, ಆಟದ ಬಯಲಿಗೆ ಹೋದರೂ ಕಿಸೆಯಲ್ಲಿ ಗ್ಲುಕೋಸ್ ಇರಬೇಕು. ಊಟದಲ್ಲಿ ಜೋಳದ ರೊಟ್ಟಿ, ಪಲ್ಯ, ಕಾಳು ಮನೆಯವರೆಲ್ಲರಂತೆಯೇ. ಹಬ್ಬದ ಹೋಳಿಗೆಯೂ ಲೆಕ್ಕ ಹಿಡಿದು ಇನ್ಸುಲಿನ್ ಹೊಂದಿಸಿಕೊಂಡರೆ ನಿಷಿದ್ಧವಲ್ಲ. ಎಲ್ಲರೂ ಉಣ್ಣುವಾಗ ಒಬ್ಬಳಿಗೆ ಬೇರೆ ತಾಟು ಹಾಕುವುದು ಬೇನೆಗಿಂತ ಹೆಚ್ಚು ನೋಯಿಸುತ್ತದೆ.

ಹದಿಹರೆಯ ತಾನೇ ಒಂದು ಬಿರುಗಾಳಿ. ಬೆಳೆಯುವ ದೇಹದ ರಸಗಳು ಇನ್ಸುಲಿನ್ನಿನ ಬಲವನ್ನು ಕುಗ್ಗಿಸುತ್ತವೆ; ತಪ್ಪಿಲ್ಲದೆಯೂ ಅಂಕಿ ಏರುತ್ತದೆ. ಆದ್ದರಿಂದ ಆ ಅಂಕಿಯನ್ನು ಪರೀಕ್ಷೆಯ ಗುಣದಂತೆ ಕಾಣಬಾರದು. ಬೈಗುಳಕ್ಕೆ ಹೆದರಿದ ಮಗು ಸುಳ್ಳು ಅಂಕಿ ಬರೆದಿಡುತ್ತದೆ. ಆ ಸುಳ್ಳಿನ ಮೇಲೆ ವೈದ್ಯರು ಔಷಧ ನಿರ್ಧರಿಸುತ್ತಾರೆ. ‘ಎಷ್ಟು ಬಂತು?’ ಎನ್ನುವ ಮೊದಲು ‘ಹ್ಯಾಂಗದೀ?’ ಎಂದು ಕೇಳುವುದು ಲೇಸು. ಸೂಜಿಯ ಹೊಣೆಯನ್ನು ಕ್ರಮೇಣ ಮಗುವಿಗೆ ಒಪ್ಪಿಸಬೇಕು. ಆದರೆ ಒಮ್ಮೆಲೇ ಕೈಬಿಡಬಾರದು.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ, ವರ್ಗಶಿಕ್ಷಕರಿಗೆ, ಒಬ್ಬಿಬ್ಬರು ಗೆಳತಿಯರಿಗೆ ವಿಷಯ ತಿಳಿದಿರಬೇಕು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲಿಯೇ ಇಂಥ ಮಕ್ಕಳು ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಲು ಅನುಮತಿಸಿತು. ಎಸ್.ಎಸ್.ಎಲ್.ಸಿ.ಗೆ ಕೂರುವ ಮಗುವಿನ ಪಾಲಕರೂ ವೈದ್ಯರ ಪತ್ರದೊಡನೆ ಮುಂಚಿತವಾಗಿ ಅರ್ಜಿ ಕೊಡುವುದು ವಿವೇಕ.

ಕೊನೆಯದಾಗಿ, ಹೆಣ್ಣುಮಕ್ಕಳ ಬೇನೆಯನ್ನು ಮುಚ್ಚಿಡುವ ರೂಢಿ. ‘ನಾಳೆ ಲಗ್ನ ಆಗಬೇಕಲ್ಲ’ ಎಂಬ ಅಂಜಿಕೆಯಿಂದ ಹುಡುಗಿ ಮದುವೆ ಮನೆಯಲ್ಲಿ ಸೂಜಿ ತಪ್ಪಿಸುತ್ತಾಳೆ. ಪ್ರಾಣವೇ ಪಣಕ್ಕೆ ಬೀಳುತ್ತದೆ. ಸರಿಯಾದ ಉಪಚಾರವಿದ್ದರೆ ಈ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಸಂಸಾರ ಹೂಡುತ್ತಾರೆ, ತಾಯಂದಿರಾಗುತ್ತಾರೆ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮ್ ಅವರಿಗೆ ಇದೇ ಬಗೆಯ ಮಧುಮೇಹವಿರುವುದು 1997ರಲ್ಲಿ ತಿಳಿಯಿತು. ಏಕದಿನ ಪಂದ್ಯಗಳ ಐನೂರನೆಯ ವಿಕೆಟ್ಟನ್ನು ಅವರು ಪಡೆದದ್ದು 2003ರಲ್ಲಿ. ಬೇನೆಯನ್ನು ಬಚ್ಚಿಡುವ ಮನೆಯಲ್ಲಿ ಮಗು ಒಂಟಿಯಾಗುತ್ತದೆ. ನಾಲ್ವರೆದುರು ನಿರ್ಭಯವಾಗಿ ಸೂಜಿ ತೆಗೆದುಕೊಳ್ಳಬಲ್ಲ ಮಗುವಿಗೆ ಅರ್ಧ ಚಿಕಿತ್ಸೆ ಆಗಲೇ ದೊರೆತಂತೆ. ಉಳಿದರ್ಧವನ್ನು ವೈದ್ಯರು ನೋಡಿಕೊಳ್ಳುತ್ತಾರೆ.